ಪಗಡಿ, ಗಡ್ಡ, ಕಿರ್ಪಾಣ ಇಟ್ಟುಕೊಂಡು ಸಿಖ್ ಉದ್ಯಮಿಗಳು ವ್ಯವಹಾರ ಹೇಗೆ ನಿಭಾಯಿಸುತ್ತಾರೆ?

ಬೆಂಗಳೂರಿನಲ್ಲಿ ನಿಮ್ಮದೊಂದು ಸಣ್ಣ ಎಂಜಿನಿಯರಿಂಗ್ ಘಟಕವಿದೆ, ಲುಧಿಯಾನಾದ ಸಿಖ್ ಕುಟುಂಬವೊಂದರ ಜತೆ ಪಾಲುದಾರಿಕೆಯ ಮಾತುಕತೆ ನಡೆದಿದೆ ಎಂದು ಬರೆದಿದ್ದೀರಿ. ಹೊರದೇಶದ ಗಿರಾಕಿಗಳ ಮುಂದೆ ಪಗಡಿ ಅಡ್ಡಿಯಾಗುವುದಿಲ್ಲವೇ, ಈಗಿನ ಹುಡುಗರು ಕೂದಲು ಕತ್ತರಿಸಿಕೊಳ್ಳುತ್ತಿದ್ದಾರಂತೆ ನಿಜವೇ, ಅವರ ಜತೆ ವ್ಯವಹರಿಸುವಾಗ ಏನು ಗಮನದಲ್ಲಿಡಬೇಕು ಎಂದೂ ಕೇಳಿದ್ದೀರಿ.

ನಾನು ಸಿಖ್ಖನಲ್ಲ. ಬೀದರಿನವನು, ಲೆಕ್ಕ ನೋಡುವವನು. ಲುಧಿಯಾನಾದ ಗಿಲ್ ರೋಡ್ ಕಡೆ ಸೈಕಲ್ ಬಿಡಿಭಾಗ ತಯಾರಿಸುವ ಕುಟುಂಬವೊಂದರ ಕಂಪನಿಯಲ್ಲಿ ಕೆಲವು ವರ್ಷ ಅಕೌಂಟ್ಸ್ ನನ್ನ ಕೈಯಲ್ಲಿತ್ತು. ಹಾಗಾಗಿ ಇದು ಲೆಕ್ಕದ ಮೇಜಿನಿಂದ ಕಂಡದ್ದು ಅಷ್ಟೇ. ಧರ್ಮಶಾಸ್ತ್ರ ಬೇಕಿದ್ದರೆ ತಿಳಿದವರನ್ನು ಕೇಳಿ.

ಸಂದರ್ಶನಕ್ಕೆ ಹೋದ ದಿನ ಮಾಲೀಕರು (ಎಲ್ಲರೂ ಅವರನ್ನು ಬಾವುಜಿ ಅನ್ನುತ್ತಿದ್ದರು) ನನ್ನ ಅಂಕಪಟ್ಟಿ ಪಕ್ಕಕ್ಕೆ ಸರಿಸಿ ಊರು ಯಾವುದೆಂದರು. ಬೀದರ್ ಅಂದೆ. ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. 1699ರ ಬೈಸಾಖಿಯಂದು ಆನಂದಪುರ ಸಾಹಿಬ್‌ನಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಒಬ್ಬರು, ಅವರು ನಮ್ಮ ಬೀದರಿನವರು. ನಾಂದೇಡ ಮುಗಿಸಿ ನಮ್ಮೂರಿನ ನಾನಕ ಝೀರಾ ಗುರುದ್ವಾರಕ್ಕೆ ಬರುವ ಪಂಜಾಬಿ ಯಾತ್ರಿಕರ ಬಸ್ಸುಗಳನ್ನು ನೋಡುತ್ತಲೇ ನಾನು ಬೆಳೆದವನಾದರೂ ಆ ಊರಿನ ಹೆಸರಿಗೆ ಇಷ್ಟು ಬೆಲೆಯಿದೆ ಎಂದು ಗೊತ್ತಾದದ್ದು ಆವತ್ತೇ. ಸಂಬಳದ ಮಾತು ಆಮೇಲೆ ಬಂತು. ಅಲ್ಲಿ ಬೀದರಿನ ಹೆಸರು ಏನೂ ನಡೆಯಲಿಲ್ಲ ಅನ್ನಿ.

ಪಗಡಿಯ ವಿಷಯಕ್ಕೆ ಬರೋಣ. ಹೊರಗಿನವರಾದ ನಮ್ಮ ಕಣ್ಣಿಗೆ ಮೊದಲು ಬೀಳುವುದು ಅದೇ ಆದ್ದರಿಂದ ಇವರ ಸಂಕಟವೆಲ್ಲ ಅದರಲ್ಲೇ ಇದೆ ಎಂದುಕೊಳ್ಳುತ್ತೇವೆ. ನಾನು ಕಂಡಂತೆ, ಕಟ್ಟುವವರಿಗೆ ಅದು ಚರ್ಚೆಯ ವಿಷಯವೇ ಅಲ್ಲ. ಬೆಳಗ್ಗೆ ಕಟ್ಟಿದರು, ಅಲ್ಲಿಗೆ ಮುಗಿಯಿತು. ನಿದ್ದೆ ಕೆಡಿಸುವ ಪ್ರಶ್ನೆ ಬೇರೆಯದು: ದುಡ್ಡು ಯಾವ ದಾರಿಯಿಂದ ಬಂತು ಅನ್ನುವುದು. ಅದರ ಬಗ್ಗೆಯೇ ಜಾಸ್ತಿ ಬರೆಯಬೇಕೆಂದಿದ್ದೇನೆ, ಆದರೆ ನೀವು ಕೇಳಿದ್ದು ಪಗಡಿಯನ್ನಾದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ.

ಬರ್ಮಿಂಗ್‌ಹ್ಯಾಮಿನ ಟ್ರೇಡ್ ಫೇರ್ ಒಂದಕ್ಕೆ ಬಾವುಜಿಯ ಜತೆ ಹೋಗಿದ್ದೆ. ಬೆಳ್ಳಂಬೆಳಗ್ಗೆ ನನ್ನ ಕೋಣೆಯ ಬಾಗಿಲು ತಟ್ಟಿ, "ಸಿಎ ಸಾಹಬ್, ಪೂಣಿ!" ಅಂದರು. ಐದಾರು ಮೀಟರ್ ನೇವಿ ಬ್ಲೂ ಬಟ್ಟೆಯ ಒಂದು ತುದಿ ನನ್ನ ಕೈಗೆ ಬಂತು. ಹೋಟೆಲಿನ ಕಾರಿಡಾರಿನಲ್ಲಿ ಎದುರುಬದುರು ನಿಂತು, ಬಿಗಿಯಾಗಿ ಎಳೆದು, ಅಂಚಿಗೆ ಅಂಚು ಕೂಡಿಸಿ ಉದ್ದಕ್ಕೆ ಮಡಚಬೇಕು. ಒಂದು ಸುಕ್ಕು ಉಳಿದರೂ ಮತ್ತೆ ಮೊದಲಿಂದ. ಒಬ್ಬರೇ ಪ್ರಯಾಣಕ್ಕೆ ಹೋದಾಗ ಆ ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿಕೊಳ್ಳುತ್ತಾರಂತೆ. ಆಮೇಲೆ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಸುತ್ತು ಶುರು, ಎಡಕ್ಕೊಂದು ಬಲಕ್ಕೊಂದು ಪದರ. ಕೊನೆಗೆ ಸಲಾಯಿ ಎಂಬ ಕಡ್ಡಿಯಿಂದ ಕಿವಿಯ ಹತ್ತಿರ ಇಣುಕುವ ಕೂದಲನ್ನು ಒಳಗೆ ತಳ್ಳಿ ಮಡಿಕೆಗಳನ್ನು ತೀಡುವುದು. ಹಣೆಯ ಮೇಲೆ ಬೇರೆ ಬಣ್ಣದ ತ್ರಿಕೋನ ಇಣುಕುತ್ತದಲ್ಲ, ಅದು ಒಳಗಿನ ಪಟ್ಟಿ, ಅದಕ್ಕೆ ಫಿಫ್ಟಿ ಅನ್ನುತ್ತಾರೆ. ಗಡ್ಡಕ್ಕೆ ಫಿಕ್ಸರ್ ಹಚ್ಚಿ, ಮೇಲೆ ಠಾಠಾ ಎಂಬ ಬಟ್ಟೆ ಬಿಗಿದು ಸ್ವಲ್ಪ ಹೊತ್ತು ಬಿಡಬೇಕು. ಆಗ ಬಾಯಿ ತೆರೆಯುವಂತಿಲ್ಲ. ಸ್ಟಾಲಿನ ಖರ್ಚುವೆಚ್ಚವನ್ನೆಲ್ಲ ನಾನು ಆ ಹೊತ್ತಿನಲ್ಲೇ ಒಪ್ಪಿಸಿಬಿಡುತ್ತಿದ್ದೆ.

ಇನ್ನು ಮೇಳದಲ್ಲಿ ಪಗಡಿ ಅಡ್ಡಿಯಾಯಿತೇ? ಹಿಂದೊಮ್ಮೆ ಐದು ನಿಮಿಷ ಮಾತಾಡಿಸಿ ಹೋಗಿದ್ದ ಜರ್ಮನ್ ಗಿರಾಕಿಯೊಬ್ಬ ಅಷ್ಟೂ ಭಾರತೀಯ ಸ್ಟಾಲುಗಳನ್ನು ದಾಟಿ ನೇರ ನಮ್ಮಲ್ಲಿಗೇ ಬಂದ. ಹೆಸರು ಮರೆತಿದ್ದ, ತಲೆ ಮರೆತಿರಲಿಲ್ಲ. ಇದರ ಇನ್ನೊಂದು ಮುಖವೂ ಇದೆ: ಸಾಲ ಮಾಡಿ ತಲೆಮರೆಸಿಕೊಳ್ಳುವುದು ಪಗಡಿಯವನಿಗೆ ಕಷ್ಟ. ಮಾರುಕಟ್ಟೆಯಲ್ಲಿ ಒಬ್ಬ ಚೆಕ್ ಬೌನ್ಸ್ ಮಾಡಿದರೆ "ಈ ಸರ್ದಾರ್‌ಗಳೇ ಹೀಗೆ" ಎಂದು ಎಲ್ಲರ ಖಾತೆಗೂ ಬರೆಯುತ್ತಾರೆ. ಬಾವುಜಿ ಪೇಮೆಂಟ್ ತಡಮಾಡಲು ಹೆದರುತ್ತಿದ್ದುದಕ್ಕೆ ದೇವರ ಭಯ ಎಷ್ಟು ಕಾರಣವೋ ಈ ಭಯವೂ ಅಷ್ಟೇ ಕಾರಣ ಎಂದು ನನ್ನ ಅಂದಾಜು.

ದೊಡ್ಡ ಹುದ್ದೆಗೆ ಪಗಡಿ ತಡೆಯಲ್ಲ ಎನ್ನಲು ಉದಾಹರಣೆಗಳು ಬೇಕಾದಷ್ಟಿವೆ. ಅಜಯ್ ಬಂಗಾ 2010ರಿಂದ 2020ರವರೆಗೆ ಮಾಸ್ಟರ್‌ಕಾರ್ಡ್ ನಡೆಸಿದರು, 2023ರಿಂದ ವಿಶ್ವಬ್ಯಾಂಕಿನ ಅಧ್ಯಕ್ಷರು. ಫೈಬರ್ ಆಪ್ಟಿಕ್ಸ್‌ನ ನರಿಂದರ್ ಸಿಂಗ್ ಕಪಾನಿ ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಕಟ್ಟಿದ್ದು 1960ರ ದಶಕದಲ್ಲಿ, ಪಗಡಿಯಲ್ಲೇ. ಆದರೆ ಮೇಲಿನ ಮೆಟ್ಟಿಲಲ್ಲಿ ನಿಂತವರನ್ನು ತೋರಿಸಿ "ತೊಂದರೆಯೇ ಇಲ್ಲ" ಅನ್ನುವುದು ನನಗೆ ಒಪ್ಪಿಗೆಯಲ್ಲ. ತೊಂದರೆ ಆದದ್ದೆಲ್ಲ ಕೆಳಗಿನ ಮೆಟ್ಟಿಲಲ್ಲಿ. ಬರ್ಮಿಂಗ್‌ಹ್ಯಾಮಿನ ಪಕ್ಕದ ವುಲ್ವರ್‌ಹ್ಯಾಂಪ್ಟನ್‌ನಲ್ಲಿ 1967ರಲ್ಲಿ ತರ್ಸೇಮ್ ಸಿಂಗ್ ಸಂಧು ಎಂಬ ಬಸ್ ಚಾಲಕರು ಗಡ್ಡ, ಪಗಡಿ ಇಟ್ಟು ಕೆಲಸಕ್ಕೆ ಬಂದದ್ದಕ್ಕೆ ಮನೆಗೆ ಕಳಿಸಿದರು. ಜಗಳ ಬಗೆಹರಿಯಲು 1969 ಬರಬೇಕಾಯಿತು. ಕೆನಡಾದಲ್ಲಿ ರೈಲ್ವೆ ಎಲೆಕ್ಟ್ರಿಷಿಯನ್ ಭಿಂದರ್ ಗಟ್ಟಿ ಟೋಪಿ ಹಾಕಲು ಒಪ್ಪದೆ ಕೆಲಸ ಕಳೆದುಕೊಂಡರು, 1985ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲೂ ಸೋತರು. ಅಮೆರಿಕದ ಜೆ.ಬಿ. ಹಂಟ್ ಎಂಬ ದೊಡ್ಡ ಲಾರಿ ಕಂಪನಿ ಮಾದಕವಸ್ತು ಪರೀಕ್ಷೆಗೆ ಕೂದಲು ಕತ್ತರಿಸಿ ಕೊಡಬೇಕೆಂದಿತ್ತು. ಒಪ್ಪದ ನಾಲ್ವರು ಸಿಖ್ ಚಾಲಕರಿಗೆ 2016ರಲ್ಲಿ 2,60,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಸ್ವಂತ ಲಾರಿ, ಸ್ವಂತ ಅಂಗಡಿ ಅಂತ ಇವರು ಅಷ್ಟು ಬೇಗ ಹೊರಡುವುದರ ಹಿಂದೆ, ಅಪ್ಪಣೆ ಮಾಡುವ ಮೇಲಧಿಕಾರಿಯೇ ಇರಬಾರದು ಎಂಬ ಹಟವೂ ಇದೆ ಅನ್ನಿಸುತ್ತದೆ.

ಬ್ರಿಟನ್ನಿನ ಕಾನೂನಿನಲ್ಲಿ ನನ್ನಂಥವನಿಗೆ ಹಿಡಿಸಿದ ಒಂದು ಅಂಶವಿದೆ. 1989ರ ಕಾಯ್ದೆ ಕಟ್ಟಡ ನಿರ್ಮಾಣದ ಜಾಗಗಳಲ್ಲಿ ಪಗಡಿ ಧರಿಸಿದ ಸಿಖ್ಖರಿಗೆ ಹೆಲ್ಮೆಟ್‌ನಿಂದ ವಿನಾಯಿತಿ ಕೊಟ್ಟಿತು. 2015ರಲ್ಲಿ ಅದನ್ನು ಬಹುತೇಕ ಎಲ್ಲ ಕೆಲಸದ ಜಾಗಗಳಿಗೂ ಹಿಗ್ಗಿಸಿದರು. ಜತೆಗೇ, ತಲೆಗೆ ಪೆಟ್ಟು ಬಿದ್ದರೆ ಹೆಲ್ಮೆಟ್ ಇದ್ದಿದ್ದರೂ ಎಷ್ಟು ಗಾಯ ಆಗುತ್ತಿತ್ತೋ ಅಷ್ಟಕ್ಕೆ ಮಾತ್ರ ಮಾಲೀಕ ಹೊಣೆ ಎಂದೂ ಬರೆದಿದ್ದಾರೆ. ಅಂದರೆ ನಂಬಿಕೆಯ ಬೆಲೆಯಲ್ಲಿ ಯಾರ ಪಾಲು ಎಷ್ಟು ಎಂದು ಕಾಗದದ ಮೇಲೆ ಹಂಚಿಟ್ಟಿದ್ದಾರೆ.

ಪಗಡಿಯ ಬಗ್ಗೆ ಬರೆದು 1984 ಬಿಟ್ಟರೆ ಅರ್ಧ ಬಿಟ್ಟಂತೆ. ಇಂದಿರಾ ಗಾಂಧಿಯವರ ಹತ್ಯೆಯ ಬೆನ್ನಲ್ಲೇ ಆ ನವೆಂಬರಿನಲ್ಲಿ ದೆಹಲಿಯೊಂದರಲ್ಲೇ ಸರ್ಕಾರಿ ಲೆಕ್ಕದ ಪ್ರಕಾರ 2,733 ಸಿಖ್ಖರನ್ನು ಕೊಂದರು. ಅಂಗಡಿ, ಟ್ಯಾಕ್ಸಿ, ಲಾರಿಗಳನ್ನು ಹುಡುಕಿ ಸುಟ್ಟರು. ಜೀವ ಉಳಿಸಿಕೊಳ್ಳಲು ಎಷ್ಟೋ ಮಂದಿ ತಾವೇ ಕೂದಲು ಕತ್ತರಿಸಿಕೊಂಡರು. ಬಾವುಜಿಯ ಭಾವಮೈದುನ ಕಾನ್ಪುರದಲ್ಲಿ ಗೋದಾಮು ಇಟ್ಟಿದ್ದವರು, ಒಂದು ರಾತ್ರಿಯಲ್ಲಿ ಎಲ್ಲ ಹೋಗಿ ಲುಧಿಯಾನಾಕ್ಕೆ ಬಂದು ಮೊದಲಿಂದ ಶುರು ಮಾಡಿದವರು. ಅವರು ಬೋರ್ಡಿನ ಮೇಲೆ "ಸಿಂಗ್" ಬರೆಸಲೇ ಇಲ್ಲ, ಕಂಪನಿಗೆ ಯಾವುದೋ ಇಂಗ್ಲಿಷ್ ಹೆಸರಿಟ್ಟರು. ನನ್ನೂರಿನದನ್ನೂ ಹೇಳಬೇಕು. 1988ರ ಸೆಪ್ಟೆಂಬರಿನಲ್ಲಿ ಬೀದರಿನಲ್ಲಿ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿಯಾಯಿತು, ಪ್ರಾಣಗಳು ಹೋದವು. ಬೀದರ್ ಎಂದರೆ ಅರ್ಧ ಎದ್ದು ನಿಲ್ಲುವ ಬಾವುಜಿಗೆ ಇದೂ ಗೊತ್ತಿತ್ತು. ನನ್ನ ಮುಂದೆ ಒಮ್ಮೆಯೂ ಎತ್ತಲಿಲ್ಲ.

ಹುಡುಗರು ಕೂದಲು ಕತ್ತರಿಸುತ್ತಿರುವುದು ನಿಜ. ಅಂಥವರನ್ನು ಅಲ್ಲಿ ಮೋನಾ ಅನ್ನುತ್ತಾರೆ. ಎಲ್ಲದಕ್ಕೂ 1984 ಕಾರಣವಲ್ಲ. ಬೆಳಗಿನ ಹೊತ್ತಿಲ್ಲ, ಹಾಸ್ಟೆಲಿನಲ್ಲಿ ಕಟ್ಟಿಕೊಡುವವರಿಲ್ಲ, ಫ್ಯಾಷನ್, ಕೆಲವೊಮ್ಮೆ ಬರೀ ಸೋಮಾರಿತನ. ನಮ್ಮ ಕಂಪನಿಯಲ್ಲೇ ಬಾವುಜಿಯ ಮಗ ಮೋನಾ, ಅಣ್ಣನ ಮಗ ಅಮೃತಧಾರಿ. ಅಂದರೆ ದೀಕ್ಷೆ ಪಡೆದು ಕೇಶ, ಕಂಗಾ (ಬಾಚಣಿಗೆ), ಕಡಾ (ಕೈಬಳೆ), ಕಛೇರಾ (ಒಳಚಡ್ಡಿ), ಕಿರ್ಪಾಣ (ಕಿರುಗತ್ತಿ) ಐದನ್ನೂ ಬಿಡದೆ ಧರಿಸುವವನು. ಒಂದೇ ಕ್ಯಾಬಿನ್, ಎದುರುಬದುರು ಮೇಜು. ಮಗನ ಕೂದಲು ಹೋದ ದಿನ ಬಾವುಜಿ ಊಟ ಬಿಟ್ಟಿದ್ದರಂತೆ. ಆದರೂ ಬ್ಯಾಂಕು, ಸಾಫ್ಟ್‌ವೇರು, ಎಕ್ಸ್‌ಪೋರ್ಟು ಎಲ್ಲ ಮಗನದೇ ಜವಾಬ್ದಾರಿ. ತಮಾಷೆಯೆಂದರೆ ಕಂಪನಿಯ ಬ್ರೋಷರ್ ಮಾಡಿಸುವಾಗ ಮುಖಪುಟಕ್ಕೆ ಅಪ್ಪನ ಪಗಡಿಯ ಫೋಟೋನೇ ಬೇಕೆಂದು ಹಟ ಹಿಡಿದವನು ಆ ಮೋನಾ ಮಗನೇ.

ಅಮೃತಧಾರಿಯವನ ದಿನಚರಿ ಸ್ವಲ್ಪ ಬೇರೆ. ನಮ್ಮ ದೇಶದೊಳಗಿನ ವಿಮಾನದಲ್ಲಿ ಒಟ್ಟು 9 ಇಂಚು ಮೀರದ, 6 ಇಂಚಿನೊಳಗಿನ ಅಲಗಿನ ಕಿರ್ಪಾಣ ಇಟ್ಟುಕೊಳ್ಳಬಹುದು. ವಿದೇಶ ಪ್ರಯಾಣದಲ್ಲಿ ಅದು ಚೆಕ್-ಇನ್ ಪೆಟ್ಟಿಗೆಗೆ ಹೋಗಬೇಕು, ಅವನಿಗೆ ಅದೊಂದು ಹಿಂಸೆ. ಸಿಗರೇಟಿನ ಹೊಗೆ ಇರುವ ಕಡೆ ಕೂರುವುದಿಲ್ಲ. ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ: ರೆಹತ್ ಮರ್ಯಾದಾ ಎಂಬ ಅವರ ಆಚಾರಸಂಹಿತೆ ಹಲಾಲ್ ರೀತಿಯ ಮಾಂಸವನ್ನು ನಿಷೇಧಿಸುತ್ತದೆ. ದುಬೈ, ಬರ್ಮಿಂಗ್‌ಹ್ಯಾಮಿನ ಬಿಸಿನೆಸ್ ಊಟಗಳಲ್ಲಿ ಅವನು ಸುಮ್ಮನೆ ಸಸ್ಯಾಹಾರಿಯಾಗಿಬಿಡುತ್ತಿದ್ದ, ಯಾರಿಗೂ ವಿವರಿಸಲು ಹೋಗುತ್ತಿರಲಿಲ್ಲ. ಬಾವುಜಿಯ ಕಥೆ ಬೇರೆ, ಸಂಜೆ ಎರಡು ಪೆಗ್ ಅವರಿಗೆ ಬೇಕೇ ಬೇಕು. ಮದ್ಯವನ್ನೂ ಅದೇ ಸಂಹಿತೆ ಬೇಡವೆನ್ನುತ್ತದೆ. ಪಂಜಾಬಿನಲ್ಲಿ ಅದನ್ನು ಯಾರೂ ಅಷ್ಟು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ.

ಈಗ ದುಡ್ಡಿನ ದಾರಿ.

ನಾವು ಧರ್ಮ ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ ಇಟ್ಟು ತೂಗುತ್ತೇವೆ. ಇವರ ಮೊದಲ ಗುರುವಿನ ಕಥೆಯೇ ದಾಸ್ತಾನು ಮಳಿಗೆಯಲ್ಲಿದೆ. ನಾನಕರ ತಂದೆ ಮೆಹತಾ ಕಾಲೂ ಪಟ್ವಾರಿ, ನಮ್ಮ ಕಡೆ ಶಾನುಭೋಗರು ಮಾಡುತ್ತಿದ್ದ ಕೆಲಸ. ನಾನಕರು ಸುಲ್ತಾನ್‌ಪುರ ಲೋಧಿಯಲ್ಲಿ ನವಾಬ ದೌಲತ್ ಖಾನನ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಬಡವರಿಗೆ ಧಾನ್ಯ ಹಂಚಿ ಉಗ್ರಾಣ ಬರಿದು ಮಾಡುತ್ತಿದ್ದಾನೆ ಎಂದು ಚಾಡಿ ಹೋಯಿತು, ನವಾಬ ಲೆಕ್ಕ ತೆಗೆಸಿದ, ತಪಾಸಣೆಯಲ್ಲಿ ಕೊರತೆ ಬರಲಿಲ್ಲ ಎಂಬುದು ಅವರ ಪರಂಪರೆಯ ಕಥೆ. ಒಂದು ಧರ್ಮದ ಸ್ಥಾಪಕರ ಜೀವನಚರಿತ್ರೆಯಲ್ಲಿ ಸ್ಟಾಕ್ ಆಡಿಟ್ ಇರುವುದು ನನಗಂತೂ ಬೇರೆಲ್ಲೂ ಸಿಕ್ಕಿಲ್ಲ. ಆ ಊರಿನ ಹಟ್ ಸಾಹಿಬ್ ಗುರುದ್ವಾರದಲ್ಲಿ ಅವರು ಬಳಸಿದ್ದೆನ್ನುವ ತೂಕದ ಕಲ್ಲುಗಳನ್ನು ಇಟ್ಟಿದ್ದಾರೆ. ನೋಡಿ ಬಂದೆ. ಜನ ಅವಕ್ಕೆ ತಲೆಬಾಗಿ ಮುಂದೆ ಹೋಗುತ್ತಾರೆ.

ನಾಮ ಜಪಿಸು, ದುಡಿದು ತಿನ್ನು, ಹಂಚಿ ತಿನ್ನು: ನಾನಕರ ಬೋಧನೆಯ ತಿರುಳು ಇಷ್ಟು. ಕಾಯಕ, ದಾಸೋಹ ಕೇಳಿ ಬೆಳೆದ ನಮಗೆ ಇದು ಹೊಸತಲ್ಲ. ವ್ಯತ್ಯಾಸವೆಂದರೆ ಇಲ್ಲಿ ದರ ಗೊತ್ತುಮಾಡಿದ್ದಾರೆ: ದಸ್ವಂಧ್, ಹತ್ತರಲ್ಲೊಂದು ಪಾಲು. ದರ ಗೊತ್ತಿದ್ದರೆ ಲೆಕ್ಕಿಗನಿಗೆ ಕೆಲಸ ಹಗುರ ಅಂದುಕೊಂಡಿದ್ದೆ. ಯಾವುದರ ಹತ್ತನೆಯ ಪಾಲು ಎಂಬಲ್ಲೇ ಜಗಳ ಶುರುವಾಗುತ್ತದೆ. ತೆರಿಗೆಗೆ ಮುಂಚೆಯೋ ಆಮೇಲೋ? ಸವಕಳಿ ಕಳೆಯಬೇಕೋ ಬೇಡವೋ? ನಷ್ಟದ ವರ್ಷ ಏನು ಮಾಡುವುದು? ಬಾವುಜಿ ಕೊಟ್ಟದ್ದು ನನ್ನ ಪುಸ್ತಕಗಳಲ್ಲಿ ಕಾಣುತ್ತಲೇ ಇರಲಿಲ್ಲ. ಗುರುದ್ವಾರದ ಗೋಲಕ್‌ಗೆ, ಅಂದರೆ ಹುಂಡಿಗೆ, ಹಾಕಿದ್ದಕ್ಕೆ ರಸೀದಿ ಕೇಳುವುದೇ ಅವರಿಗೆ ಅಸಹ್ಯ. ಆದಾಯ ತೆರಿಗೆಯಲ್ಲಿ 80ಜಿ ವಿನಾಯಿತಿ ಸಿಗುತ್ತದೆ ಎಂದು ಹೇಳಿ ಹೇಳಿ ನಾನೇ ಸುಮ್ಮನಾದೆ.

ನಿಜವಾದ ತೊಡಕು ನಾನು ಕಂಡದ್ದು ಇಂಗ್ಲೆಂಡಿನಲ್ಲಿ, ಬಾವುಜಿಯ ದಾಯಾದಿಯೊಬ್ಬರ ಅಂಗಡಿಯಲ್ಲಿ. ಹಾಲು, ಬ್ರೆಡ್ಡು, ಪತ್ರಿಕೆ, ಬಿಯರು, ಸಿಗರೇಟು, ಎಲ್ಲ ಒಂದೇ ಕೌಂಟರಿನಲ್ಲಿ ಸಿಗುವ ಮೂಲೆಯಂಗಡಿ. ಮೂವತ್ತು ವರ್ಷ ನಡೆಸಿ, ಅರವತ್ತರ ಮೇಲೆ ಅವರು ಅಮೃತ ದೀಕ್ಷೆ ಪಡೆದರು. ತಂಬಾಕು ಸೇವನೆ ರೆಹತ್ ಮರ್ಯಾದಾ ಹೇಳುವ ನಾಲ್ಕು ಮಹಾದೋಷಗಳಲ್ಲಿ ಒಂದು. ಸೇದಬಾರದು ಅಂದಿದೆ, ಮಾರಬಾರದು ಅಂತ ಎಲ್ಲಿದೆ ಎಂಬುದು ಅವರ ಮಗನ ವಾದ. ಸಿಗರೇಟು ತೆಗೆದರೆ ಗಿರಾಕಿ ಸೂಪರ್‌ಮಾರ್ಕೆಟ್ಟಿಗೆ ಹೋಗುತ್ತಾನೆ, ಹೋದವನು ಹಾಲನ್ನೂ ಅಲ್ಲೇ ಕೊಳ್ಳುತ್ತಾನೆ. ತಪ್ಪು ಲೆಕ್ಕವಲ್ಲ.

ಇಂಗ್ಲೆಂಡಿನಲ್ಲಿ 2015ರಿಂದ ಸಣ್ಣ ಅಂಗಡಿಗಳೂ ಸಿಗರೇಟನ್ನು ಕಾಣುವಂತೆ ಇಡುವಂತಿಲ್ಲ, ಮುಚ್ಚಿದ ಕಪಾಟಿನಲ್ಲಿಡಬೇಕು. ಯಾರಾದರೂ ಸಿಗರೇಟು ಕೇಳಿದರೆ ಈ ಹಿರಿಯರು ಒಂದು ಹೆಜ್ಜೆ ಹಿಂದೆ ಸರಿದು ಮಗನನ್ನೋ ಕೆಲಸದ ಹುಡುಗಿಯನ್ನೋ ಕರೆಯುತ್ತಿದ್ದರು. ಕಪಾಟಿನ ಷಟರ್ ತಾವು ಮುಟ್ಟುತ್ತಿರಲಿಲ್ಲ, ದುಡ್ಡು ಮಾತ್ರ ಅದೇ ಗಲ್ಲಾಕ್ಕೆ ಬೀಳುತ್ತಿತ್ತು. ಚಹಾ ಕುಡಿಯುತ್ತಾ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಇದು: ತಂಬಾಕಿನ ಲಾಭವನ್ನು ಲೆಕ್ಕದಲ್ಲಿ ಬೇರೆ ಮಾಡಲು ಸಾಧ್ಯವೇ, ದಸ್ವಂಧಿನಲ್ಲಿ ಅದರ ಒಂದು ಪೆನ್ನಿಯೂ ಸೇರಬಾರದು.

ಮಾರಾಟವನ್ನು ಬೇರೆ ಮಾಡುವುದು ಸುಲಭ, ಬಿಲ್ಲಿಂಗ್ ಯಂತ್ರದಲ್ಲಿ ಪ್ರತ್ಯೇಕ ವಿಭಾಗ ತೆರೆದರಾಯಿತು. ಆದರೆ ಬಾಡಿಗೆ, ಕರೆಂಟು, ಸಂಬಳದಲ್ಲಿ ತಂಬಾಕಿನ ಪಾಲೆಷ್ಟು? ಸಿಗರೇಟಿಗೆಂದು ಬಂದು ಹಾಲು ಒಯ್ದವನ ಹಾಲಿನ ಲಾಭ ಯಾವ ಕಡೆಗೆ? ಇದನ್ನೆಲ್ಲ ಹೇಳಿದೆ. ಬಹಳ ಹೊತ್ತು ಯೋಚಿಸಿ, ವಿಭಾಗ ಬೇರೆ ಮಾಡಿಕೊಡಿ, ಮಿಕ್ಕದ್ದು ವಾಹೆಗುರು ನೋಡಿಕೊಳ್ಳಲಿ ಎಂದರು. ಕೌಂಟರಿನಿಂದಲೇ ಮಗ ಕೂಗಿದ: "ಅಂದರೆ ಶುದ್ಧ ದುಡ್ಡು ಗುರುದ್ವಾರಕ್ಕೆ, ಹೊಲಸು ದುಡ್ಡು ನಮ್ಮ ಮನೆಗೆ, ಅಲ್ಲವಾ ಡ್ಯಾಡಿ?" ಹಿರಿಯರು ಉತ್ತರಿಸಲಿಲ್ಲ. ನನ್ನನ್ನು ಕೇಳಿದರೆ ಇಬ್ಬರ ಮಾತಿನಲ್ಲೂ ಸತ್ಯವಿತ್ತು, ಮಗನ ಮಾತಿನಲ್ಲಿ ಒಂದು ಗುಲಗಂಜಿ ಹೆಚ್ಚು.

ಈ ತೊಳಲಾಟಕ್ಕೂ ಹಳೆಯ ಬೇರಿದೆ. ಎಮಿನಾಬಾದಿನಲ್ಲಿ ನಾನಕರು ಸಿರಿವಂತ ಮಲಿಕ್ ಭಾಗೋನ ಔತಣಕ್ಕೆ ಹೋಗದೆ ಬಡಗಿ ಲಾಲೋನ ಒರಟು ರೊಟ್ಟಿ ತಿಂದರು. ಎರಡನ್ನೂ ಹಿಂಡಿ ತೋರಿಸಿದಾಗ ಲಾಲೋನ ರೊಟ್ಟಿಯಿಂದ ಹಾಲು, ಭಾಗೋನ ಪೂರಿಯಿಂದ ರಕ್ತ ಬಂತೆಂದು ಕಥೆ. ಪ್ರತಿ ಸಿಖ್ ಮಗುವಿಗೂ ಗೊತ್ತಿರುವ ಕಥೆ ಇದು, ಆದ್ದರಿಂದಲೇ ಉದ್ಯಮಿಗೆ ಇರಿಸುಮುರಿಸಿನದು. ನಮ್ಮ ಕಾರ್ಖಾನೆಯ ಯುಪಿ, ಬಿಹಾರದ ಕೆಲಸಗಾರರು ಗುರುಗಳ ಜಯಂತಿಯಾದ ಗುರುಪರ್ವದ ಲಂಗರ್‌ನಲ್ಲಿ (ಎಲ್ಲರಿಗೂ ಬಡಿಸುವ ಸಾಮೂಹಿಕ ಊಟ) ಬಾವುಜಿಯ ಪಕ್ಕದಲ್ಲೇ ನೆಲದ ಮೇಲೆ ಕೂತು ಉಣ್ಣುತ್ತಿದ್ದರು, ಅವರು ತಾವೇ ದಾಲ್ ಬಡಿಸುತ್ತಿದ್ದರು. ಓವರ್‌ಟೈಮ್ ದರದ ಫೈಲು ಮುಂದಿಟ್ಟರೆ ಅದೇ ಬಾವುಜಿ ನಾಲ್ಕು ದಿನ ಸಹಿ ಹಾಕುತ್ತಿರಲಿಲ್ಲ. ಕಚ್ಚಾ ಬಿಲ್ಲು, ಪಕ್ಕಾ ಬಿಲ್ಲಿನ ಆಟ ಆ ಪೇಟೆಯಲ್ಲೂ ಇದೆ, ನಮ್ಮ ಪೇಟೆಗಳಲ್ಲಿ ಇದ್ದಷ್ಟೇ. ಆದ್ದರಿಂದ ಪಗಡಿ ನೋಡಿ ಒಪ್ಪಂದದ ಕರಡು ಓದುವುದನ್ನು ಬಿಡಬೇಡಿ. ವಕೀಲರಿಗೆ ತೋರಿಸಿ, ಸ್ಟಾಕ್ ಎಣಿಸಿ. ನಾನಕರ ಉಗ್ರಾಣವನ್ನೇ ಎಣಿಸಿದ್ದಾರೆ, ಅವರು ಬೇಸರಪಡುವುದಿಲ್ಲ.

ಇನ್ನು ನಡೆನುಡಿ. ಸಿಗರೇಟು ಚಾಚಬೇಡಿ, ಅವರ ಕಚೇರಿಯೊಳಗೆ ಸೇದಲೂಬೇಡಿ. ಒಬ್ಬರು ಕುಡಿಯುತ್ತಾರೆಂದು ಎಲ್ಲರಿಗೂ ಬಾಟಲಿ ಉಡುಗೊರೆ ಒಯ್ಯಬೇಡಿ, ಮೊದಲು ವಿಚಾರಿಸಿ. ಹೊಸ ಯಂತ್ರ ಬಂದಾಗ ನಮ್ಮಲ್ಲಿ ಕುಂಬಳಕಾಯಿ ಒಡೆದಂತೆ ಅಲ್ಲಿ ಸುಖಮನಿ ಸಾಹಿಬ್ ಎಂಬ ಪ್ರಾರ್ಥನೆಯ ಪಾರಾಯಣ ಮಾಡಿಸಿ ಕಡಾಹ್ ಪ್ರಸಾದ (ಗೋಧಿ ಹಲ್ವಾ) ಹಂಚುತ್ತಾರೆ. ಕರ್ಚೀಫೊಂದು ಜೇಬಿನಲ್ಲಿರಲಿ, ತಲೆ ಮುಚ್ಚಿಕೊಳ್ಳಲು ಬೇಕು. ಪ್ರಸಾದವನ್ನು ಎರಡೂ ಕೈ ಒಡ್ಡಿ ತೆಗೆದುಕೊಳ್ಳಿ, ತುಪ್ಪ ಸುರಿಯುತ್ತಿರುತ್ತದೆ. ನಿಮ್ಮ ಪಾಲುದಾರರು ರಾಮಗಡಿಯಾ ಕುಟುಂಬದವರಾದರೆ, ಅಂದರೆ ಪರಂಪರೆಯಿಂದ ಬಡಗಿ, ಕಮ್ಮಾರ ಕಸುಬಿನವರಾದರೆ, ದೀಪಾವಳಿಯ ಮರುದಿನ ವಿಶ್ವಕರ್ಮ ದಿನವೆಂದು ಕಾರ್ಖಾನೆ ಮುಚ್ಚಿ ಉಪಕರಣ ತೊಳೆಯುತ್ತಾರೆ. ಆವತ್ತು ಡೆಲಿವರಿ ಕೇಳಿ ಫೋನ್ ಮಾಡಬೇಡಿ.

ಡಿಸೆಂಬರ್ ಕೊನೆಯ ವಾರ ಸಹಿ, ಪಾರ್ಟಿ ಏನೂ ಇಟ್ಟುಕೊಳ್ಳಬೇಡಿ. ಗುರು ಗೋವಿಂದ ಸಿಂಗರ ಮಕ್ಕಳು ಹುತಾತ್ಮರಾದ ದಿನಗಳವು, ಫತೇಗಢ ಸಾಹಿಬ್‌ಗೆ ಜನಸಾಗರ ಹೋಗುತ್ತದೆ, ಎಷ್ಟೋ ಮನೆಗಳಲ್ಲಿ ಮದುವೆ ಮುಂಜಿಯನ್ನೂ ಇಡುವುದಿಲ್ಲ. ಜನವರಿ 13ಕ್ಕೆ ಲೋಹ್ರಿ ಹಬ್ಬ ಕಳೆಯಲಿ ಎನ್ನೋಣವೆಂದರೆ ಆಗ ಅಲ್ಲಿ ದಟ್ಟ ಮಂಜು, ಚಂಡೀಗಢ, ಅಮೃತಸರದ ವಿಮಾನಗಳನ್ನು ನೆಚ್ಚುವಂತಿಲ್ಲ. ಫೆಬ್ರವರಿಗೆ ಟಿಕೆಟ್ ಮಾಡಿಸಿ.